ಇನ್ನೂ ಬಾರದ ಕೋವಿಗೆ ಲೈಸೆನ್ಸು

ಕೋವಿ ಲೈಸೆನ್ಸಿನ ಮೇಜಿನ ಹಿಂದೆ ಕೂತ ಗುಮಾಸ್ತನಿಗೆ ವಾರಕ್ಕೊಮ್ಮೆಯಾದರೂ ನಗುವ ಪ್ರಸಂಗ ಬಂದೇ ಬರುತ್ತದೆ; ಆದರೆ ನಗುವ ಹಾಗಿಲ್ಲ, ಎದುರಿಗೆ ನಿಂತವರ ಕೈಯಲ್ಲಿ ಕೋವಿ ಇರುತ್ತದೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಮೊದಲು ಸೊರಬದಲ್ಲಿ, ಆಮೇಲೆ ಶಿಕಾರಿಪುರದಲ್ಲಿ ಈ ಕೆಲಸ ಮಾಡಿದೆ. ಬೆಳೆ ಕಾಯಲು ಕೋವಿ ಇಟ್ಟುಕೊಂಡ ರೈತರ ಅರ್ಜಿ ತೆಗೆದುಕೊಳ್ಳುವುದು, ವರ್ಷಕ್ಕೊಮ್ಮೆ ಕೋವಿಗಳನ್ನು ತರಿಸಿ ತಾಲ್ಲೂಕಿನ ಅಮಲ್ದಾರರ ತಪಾಸಣೆಗೆ ಇಡುವುದು, ಮೇಲಿನ ಕಚೇರಿಗೆ ಬರೆಯುವುದು ನನ್ನ ಪಾಲಿನ ಕೆಲಸ. ಬರುತ್ತಿದ್ದವೆಲ್ಲ ಅಜ್ಜನ ಕಾಲದ ಕೇಪಿನ ಕೋವಿಗಳು. ನಳಿಗೆಯ ಬಾಯಿಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಸಲಾಕೆಯಿಂದ ಜಡಿದು, ಕೇಪು ಕೂರಿಸುವಷ್ಟರಲ್ಲಿ ಹಂದಿ ಗದ್ದೆ ಮುಗಿಸಿ ಹೋಗಿರುತ್ತಿತ್ತು. ಅದೇ ದಿನಗಳಲ್ಲಿ ರಷ್ಯಾದವರು ಆಕಾಶಕ್ಕೆ ಚಂದ್ರನಂಥದ್ದೊಂದನ್ನು ಹಾರಿಸಿದರೆಂದು ಪತ್ರಿಕೆಯಲ್ಲಿ ಬಂತು. ಅಲ್ಲಿಂದ ಮುಂದೆ ಕೋವಿ ತಂದವರೆಲ್ಲ ಬೆಂಚಿನ ಮೇಲೆ ಕೂತು, ಮುಂದಿನ ಕಾಲದ ಕೋವಿ ಹೇಗಿರುತ್ತದೆ ಅಂತ ಹೇಳುವವರೇ.

ಮಾತು ಕೇಳುವ ಕೋವಿ

ಸೊರಬದ ಕಡೆಯ ಒಬ್ಬ ಗೌಡರು ನಾಲ್ಕು ವರ್ಷದಲ್ಲಿ ಒಂದು ಹಂದಿಯನ್ನೂ ಹೊಡೆದವರಲ್ಲ. ತಪ್ಪು ಕೋವಿಯದು ಅಂತ ಅವರ ವಾದ.

"ಮುಂದೆ ಬರೋ ಕೋವಿಗೆ ಮದ್ದು ಬೇಡ, ಕೇಪು ಬೇಡ," ಅಂದರು. "ಬಾಯಲ್ಲಿ 'ಹೊಡಿ' ಅಂದ್ರೆ ಸಾಕು, ಅದೇ ಹೊಡೀತದೆ."

ನಮ್ಮ ಜವಾನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಗೌಡ್ರೇ, ನಿಮ್ಮನೇಲಿ ಅಮ್ಮಾರು ದಿನಕ್ಕೆ ಎಷ್ಟು ಸಲ ಹೊಡಿ ಅಂತಾರೆ?" ಅಂತ ಕೇಳಿದ.

ಗೌಡರು ಲೆಕ್ಕ ಹಾಕುವವರಂತೆ ಸೂರು ನೋಡಿದರು. ನಾಯಿಗೆ ಹೊಡಿ, ದನಕ್ಕೆ ಹೊಡಿ, ತೆಂಗಿನಕಾಯಿ ಒಡಿ. ಕೋವಿಗೆ ಹೊಡಿ, ಒಡಿ ಎರಡೂ ಒಂದೇ ಥರ ಕೇಳಿಸಿದರೆ ಏನು ಗತಿ ಅಂತ ಅವರೇ ಶುರು ಮಾಡಿದರು. ಮುಖ ಸಣ್ಣದಾಯಿತು.

ಆಮೇಲೆ ಬೆಂಚಿನಲ್ಲಿ ಮುಂದಕ್ಕೆ ಸರಿದು, "ಅದಕ್ಕೆ ಇಂಗ್ಲಿಷ್ ಒಂದೇ ಕಲಿಸಿದ್ರೆ?" ಅಂದರು. "ನಮ್ಮನೇಲಿ ಯಾರಿಗೂ ಇಂಗ್ಲಿಷ್ ಬರೋದಿಲ್ಲ. ಭಯ ಇಲ್ಲ."

"ನಿಮಗೂ ಬರೋದಿಲ್ಲವಲ್ಲ. ಹಂದಿ ಬಂದಾಗ ಏನು ಮಾಡ್ತೀರಿ?" ಅಂದೆ.

ಗೌಡರು ನನ್ನ ಕಡೆ ತಿರುಗಿ ಬಹಳ ವಿನಯದಿಂದ ಕೇಳಿದರು: "ರಾಯರ ಬಿಡಾರ ಎಲ್ಲಾತು?"

ಬಾಗಿದ ನಳಿಗೆ

ಗುಡವಿ ದಾರಿಯಲ್ಲಿ ಕುಲುಮೆ ಇಟ್ಟುಕೊಂಡಿದ್ದ ಆಚಾರಿಯೊಬ್ಬ ಕೋವಿ ರಿಪೇರಿಯಲ್ಲಿ ಹೆಸರುವಾಸಿ. ಮಾತು ಕಡಿಮೆ, ಯೋಚನೆ ಜಾಸ್ತಿ. ಅವನ ಬಾಳೆಗೆ ಬರುತ್ತಿದ್ದ ಮಂಗಗಳು ಅವನು ಕೋವಿ ಎತ್ತಿದ ಕೂಡಲೇ ಮರದ ಕಾಂಡದ ಹಿಂದೆ ಸರಿದು ಇಣುಕುತ್ತಿದ್ದವಂತೆ. ಅವನ್ನು ಹೆದರಿಸಲು ಮರ ಸುತ್ತಿ ಹೋಗುವ ಈಡು ಬೇಕು ಅಂತ ತನ್ನ ಸ್ವಂತ ಕೋವಿಯ ನಳಿಗೆಯನ್ನು ಕಾಯಿಸಿ, ಕುಡುಗೋಲಿನ ಹಾಗೆ ಬಗ್ಗಿಸಿದ. ನೂರಾರು ವರ್ಷ ಆದ ಮೇಲೆ ಎಲ್ಲ ಕೋವಿಗಳೂ ಹೀಗೇ ಇರುತ್ತವೆ ಅಂತ ಅವನ ನಂಬಿಕೆ.

ತಪಾಸಣೆಯ ದಿನ ಅದನ್ನೇ ತಂದ. ಅಮಲ್ದಾರರು ಜಗಲಿಗೆ ಬಂದು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಚಾರಿ ಕೋವಿ ಎತ್ತಿ ಹಿಡಿದಾಗ ಎಲ್ಲಿ ನಿಲ್ಲಬೇಕೆಂದು ಯಾರಿಗೂ ತಿಳಿಯಲಿಲ್ಲ. ಜವಾನ ಓಡಿ ಆಚಾರಿಯ ಬೆನ್ನ ಹಿಂದೆ ನಿಂತ.

"ಅಲ್ಲಿ ಬ್ಯಾಡ ಮಾರಾಯ," ಅಂದ ಆಚಾರಿ. "ಈಡು ಅಲ್ಲಿಗೇ ಬರೋದು."

ಹೊಡೆದು ತೋರಿಸುವುದು ಬೇಡ ಅಂತ ಅಮಲ್ದಾರರು ಅಪ್ಪಣೆ ಮಾಡಿದರು. ತೊಂದರೆ ಬಂದದ್ದು ರಿಜಿಸ್ಟರಿನಲ್ಲಿ. ಅಲ್ಲಿ 'ನಳಿಗೆಯ ಉದ್ದ' ಅಂತ ಒಂದು ಕಾಲಂ. ನಾನು ಅಡ್ಡಕ್ಕೆ ಅಳೆದರೆ ಎರಡು ಅಡಿ, ಬಾಗಿದ ನಳಿಗೆಯ ಗುಂಟ ದಾರ ಹಿಡಿದು ಅಳೆದರೆ ಮೂರೂವರೆ. ಯಾವುದು ಬರೆದರೂ ಇನ್ನೊಂದು ಸುಳ್ಳು. ತಪ್ಪು ಬರೆದರೆ ಆಚಾರಿಯ ಲೈಸೆನ್ಸು ಹೋಗುತ್ತದೆ, ನನಗೂ ಮೆಮೊ ಬರುತ್ತದೆ. ಮೇಲಿನ ಕಚೇರಿಗೆ ಬರೆದು ಕೇಳಿದೆವು. ಎರಡು ತಿಂಗಳಿಗೆ ಉತ್ತರ ಬಂತು: "ಸದರಿ ಕೋವಿಯನ್ನು ನೆಟ್ಟಗೆ ಮಾಡಿಸಿ, ತದನಂತರ ಅಳೆದು, ಬಾಗಿದ್ದಾಗಿನ ಉದ್ದವನ್ನು ವರದಿ ಮಾಡತಕ್ಕದ್ದು."

ಆಚಾರಿ ಒಂದು ಬೆಳಗ್ಗೆ ಪೂರ್ತಿ ಬಡಿದು ನೆಟ್ಟಗೆ ಮಾಡಿ ತಂದುಕೊಟ್ಟ. ಅವನ ಮುಖ ನೋಡಲಾಗಲಿಲ್ಲ ನನಗೆ. ಅಳೆದಾಗ ನಾಲ್ಕು ಅಡಿ ಬಂತು. ಬಡಿದು ಬಡಿದು ಬೆಳೆದುಬಿಟ್ಟಿತ್ತು.

ಗಡಿಯ ಮೇಲೆ

ಶಿಕಾರಿಪುರಕ್ಕೆ ವರ್ಗವಾದ ಮೇಲೆ ಭೇಟಿಯಾದವರು ತಾಳಗುಂದದ ಕಡೆಯ ಒಬ್ಬ ಸಾಹುಕಾರರು. ಜೋಡಿ ನಳಿಗೆಯ ಕೋವಿ ಅವರದು. ಅದಕ್ಕಿಂತ ದೊಡ್ಡದು ಯಾವುದು ಬರುತ್ತದೆ ಅನ್ನುವುದೇ ಅವರ ಚಿಂತೆ.

"ರಾಯರೇ, ಮುಂದ ಅಣುಬಾಂಬಿನ ಕೋವಿ ಬರ್ತೈತಂತಲ್ರೀ. ಅದಕ್ಕೂ ಬೆಳೆ ಕಾಯೋ ಲೈಸೆನ್ಸೇ ಸಾಕೇನ್ರೀ?"

"ಅದರಲ್ಲಿ ಹೊಡೆದರೆ ಹಂದಿ ಜೊತೆ ಗದ್ದೆ ಹೋಗುತ್ತದೆ, ಊರು ಹೋಗುತ್ತದೆ, ತಾಲ್ಲೂಕೇ ಹೋಗುತ್ತದೆ," ಅಂದೆ.

ಅವರು ಗಂಭೀರವಾಗಿ ತಲೆದೂಗಿದರು. "ತಾಲ್ಲೂಕು ಒಂದೇ ಹೋಗತೈತೋ, ಪಕ್ಕದ್ದೂ ಹೋಗತೈತೋ?"

"ಒಂದು ಅಂತ ಇಟ್ಟುಕೊಳ್ಳಿ."

"ಹಂಗಾರ ಚಿಂತಿಲ್ಲ ಬಿಡ್ರೀ. ಹಂದೀನ ಸೊರಬದ ಗಡಿ ದಾಟಿಸಿ ಹೊಡದ್ರಾತು."

ಎರಡು ಸಾವಿರ ವರ್ಷದ ವಾಯಿದೆ

ನಿವೃತ್ತರಾದ ಮೇಷ್ಟ್ರೊಬ್ಬರು ದಿನವೂ ಪತ್ರಿಕೆ ಓದಲು ಕಚೇರಿಗೆ ಬರುತ್ತಿದ್ದರು. ಪಟಾಕಿ ಸದ್ದಿಗೂ ಕಿವಿ ಮುಚ್ಚಿಕೊಳ್ಳುವ ಸಾಧು ಮನುಷ್ಯ. ಅವರಿಗೂ ಒಂದು ಸಿದ್ಧಾಂತವಿತ್ತು. ಎರಡು ಸಾವಿರ ವರ್ಷ ಕಳೆದ ಮೇಲೆ ಕೋವಿ ತಾನೇ ಎದ್ದು ಗದ್ದೆಗೆ ಹೋಗುತ್ತದೆ, ಹಂದಿಗೆ ಬುದ್ಧಿ ಹೇಳಿ ವಾಪಸು ಬರುತ್ತದೆ, ಕೊಲ್ಲುವ ಮಾತೇ ಇಲ್ಲ ಅನ್ನುತ್ತಿದ್ದರು. ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ತಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಕಚೇರಿ ಮುಂದೆ ಸಾಲು ನಿಲ್ಲಬಾರದು ಅಂತ ಅದಕ್ಕೆ ಈಗಲೇ ಅರ್ಜಿ ಹಾಕಿದರು. ಆಯುಧದ ವಿವರದ ಕಾಲಮಿನಲ್ಲಿ ದುಂಡಗೆ ಬರೆದಿದ್ದರು: "ಮುಂದೆ ಬರಲಿರುವ ಕೋವಿ, ಒಂದು."

ಅವರ ಸಿದ್ಧಾಂತದ ನೆನಪೇ ಬಾರದೆ, ಕೊಂಡ ಕೋವಿ ಶಿವಮೊಗ್ಗದಿಂದ ಬಸ್ಸಿನಲ್ಲಿ ಬರಲಿದೆ ಅಂತ ನಾನು ತಿಳಿದೆ. ಕಾಗದ ಮುಂದೆ ಹೋಯಿತು. ಪೊಲೀಸ್ ಠಾಣೆಯ ದಫೇದಾರರು ವಿಚಾರಣೆ ಮಾಡಿ ಬರೆದರು: "ಕೋವಿ ಇನ್ನೂ ಬಂದಿಲ್ಲ. ಅರ್ಜಿದಾರರ ನಡತೆ ಉತ್ತಮ. ನೆರೆಹೊರೆಯವರ ತಕರಾರು ಇಲ್ಲ." ಮೇಲಿನಿಂದ ಲೈಸೆನ್ಸು ಬಂದೇಬಿಟ್ಟಿತು. ಮೇಷ್ಟ್ರು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ವರ್ಷ ಕಳೆದು ತಪಾಸಣೆ ಬಂತು. ಕಚೇರಿ ಮುಂದೆ ಸಾಲಾಗಿ ಕೋವಿಗಳು, ಪ್ರತಿಯೊಂದರ ಮುಂದೆ ನಂಬರಿನ ಚೀಟಿ. ಒಂದು ಚೀಟಿಯ ಹಿಂದೆ ಮಾತ್ರ ಬರೀ ನೆಲ. ಹೊಸದಾಗಿ ಬಂದ ಅಮಲ್ದಾರರು ಕಟ್ಟುನಿಟ್ಟಿನವರು. ಏಳು ದಿನದಲ್ಲಿ ಕೋವಿ ಹಾಜರುಪಡಿಸದಿದ್ದರೆ ಮೊಕದ್ದಮೆ ಅಂತ ನೋಟೀಸು ಕಳಿಸಿದರು.

ಮೇಷ್ಟ್ರು ಮಾರನೇ ದಿನ ನನ್ನ ಬಿಡಾರಕ್ಕೆ ಬಂದರು. ನೋಟೀಸು ನನ್ನ ಮುಂದಿಟ್ಟರು. "ಮನೆಯಲ್ಲಿ ಇವಳು ಊಟ ಬಿಟ್ಟಿದ್ದಾಳೆ, ಸ್ವಾಮಿ. ಕೋವಿ ಯಾರಿಗೆ ಮಾರಿದಿರಿ ಅಂತ ನನ್ನನ್ನೇ ಕೇಳ್ತಾಳೆ." ಅವರಿಗಿಂತ ಹೆಚ್ಚು ಭಯ ನನಗೆ, ಆ ಕಾಗದ ಮುಂದೆ ತಳ್ಳಿದವನು ನಾನೇ.

ಲೈಸೆನ್ಸು ರದ್ದು ಮಾಡಿಸೋಣ ಅಂದುಕೊಂಡೆವು. ರದ್ದಾಗಬೇಕಾದರೆ ಮೊದಲು ಕೋವಿಯನ್ನು ಠಾಣೆಗೆ ಒಪ್ಪಿಸಬೇಕು ಅಂತ ನಿಯಮ. ಠಾಣೆಗೆ ಹೋಗಿ ದಫೇದಾರರನ್ನು ಕೇಳಿದೆವು. "ಕಳವಾಯ್ತು ಅಂತ ಬರೆದುಕೊಡ್ರಿ, ಹುಡುಕ್ತೀವಿ," ಅಂದರು.

"ಇನ್ನೂ ಹುಟ್ಟದೇ ಇರೋದನ್ನ ಕದ್ದರು ಅಂತ ಯಾರ ಮೇಲೆ ಹೇಳಲಿ?" ಅಂದರು ಮೇಷ್ಟ್ರು. ಸುಳ್ಳು ಹೇಳುವುದು ಅವರಿಂದಾಗದು.

ಏಳನೇ ದಿನ ಇಬ್ಬರೂ ಅಮಲ್ದಾರರ ಮುಂದೆ ನಿಂತೆವು. ನಾನು ನನ್ನ ತಪ್ಪು ಒಪ್ಪಿಕೊಂಡೆ. ಅಮಲ್ದಾರರು ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನನ್ನನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. ನನ್ನ ಕೆಲಸ ಹೋಯಿತು ಅಂತಲೇ ನಿಂತಿದ್ದೆ.

"ಕೋವಿ ಕಳೆದಿಲ್ಲ?" ಅಂತ ಕೇಳಿದರು.

"ಇಲ್ಲ, ಸ್ವಾಮಿ. ಇನ್ನೂ ಬಂದಿಲ್ಲ," ಅಂದರು ಮೇಷ್ಟ್ರು.

"ಯಾವಾಗ ಬರುತ್ತದೆ?"

"ಎರಡು ಸಾವಿರ ವರ್ಷ ಆಗಬಹುದು, ಸ್ವಾಮಿ."

ಅಮಲ್ದಾರರು ಪೆನ್ನು ತೆಗೆದರು. ರದ್ದು ಮಾಡುವ ಅಧಿಕಾರ ತಮಗಿಲ್ಲ, ವಾಯಿದೆ ಕೊಡುವ ಅಧಿಕಾರ ಇದೆ ಅಂದರು. ಕಡತದ ಅಂಚಿನಲ್ಲಿ ಬರೆದು ಓದಿ ಹೇಳಿದರು: "ಕೋವಿ ಹಾಜರುಪಡಿಸಲು ಅರ್ಜಿದಾರರಿಗೆ ಎರಡು ಸಾವಿರ ವರ್ಷಗಳ ಕಾಲಾವಕಾಶ ಕೊಡಲಾಗಿದೆ."

ನನಗೆ ಹೋದ ಜೀವ ಬಂತು. ನಡೆಯಿರಿ ಅಂತ ಮೇಷ್ಟ್ರ ತೋಳು ಹಿಡಿದೆ. ಅವರು ಕದಲಲಿಲ್ಲ. ಕೈಮುಗಿದು ಅಲ್ಲೇ ನಿಂತರು.

"ಇನ್ನೊಂದು ಹತ್ತು ವರ್ಷ ಸೇರಿಸಿ ಬರೀರಿ, ಸ್ವಾಮಿ," ಅಂದರು. "ಹೊಸ ಸಾಮಾನು. ಬರೋದು ತಡ ಆದರೂ ಆದೀತು."