ವಠಾರಕ್ಕೆ ಗಡಿ ಹಾಕಿ ಎಂದವರಿಗೆ ಒಂದು ಅರಿಕೆ

ನಮ್ಮ ಭಾಗದ ನಗರ ಆರೋಗ್ಯ ಕೇಂದ್ರದಲ್ಲಿ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನಡೆಯುವ ‘ಪುಟ್ಟ ಮಕ್ಕಳ ವರ್ತನೆ: ಪೋಷಕರ ಗುಂಪು ತರಬೇತಿ’ಯ ಸಂಯೋಜಕರ ಸನ್ನಿಧಾನಕ್ಕೆ,

ಮಾನ್ಯರೆನಿಸಿಕೊಂಡವರೆಲ್ಲರಿಗಿಂತ ಒಂದು ಮೆಟ್ಟಿಲು ಮೇಲೆಯೇ ಕುಳಿತಿರುವ ಮಾನ್ಯರೇ,

ಕೊಡಿಗೇಹಳ್ಳಿ ಹಳೇ ಊರಿನ ಲಕ್ಷ್ಮಿದೇವಮ್ಮನವರ ವಠಾರದ ಸಮಸ್ತ ನಿವಾಸಿಗಳ ಪರವಾಗಿ ತಮಗೆ ತಲೆಬಾಗಿದ ನಮಸ್ಕಾರಗಳು. ತಲೆ ಬಾಗಿಸುವುದು ನಮಗೆ ಕಷ್ಟದ ಕೆಲಸವೇನಲ್ಲ, ನಮ್ಮ ಮನೆಗಳ ಬಾಗಿಲು ಇರುವುದೇ ಅಷ್ಟೆತ್ತರ. ನಾವಿಲ್ಲಿ ಕ್ಷೇಮ. ಹೊಸದಾಗಿ ನೀಲಿ ಬಣ್ಣ ಬಳಿಸಿಕೊಂಡು, ಗೋಡೆಯ ತುಂಬ ನಗುವ ಆನೆಮರಿಗಳನ್ನು ಬರೆಸಿಕೊಂಡು, ವಾರದಲ್ಲಿ ಆರು ದಿನ ಬೀಗ ಹಾಕಿಸಿಕೊಂಡು ಕೂತಿರುವ ತಮ್ಮ ತರಬೇತಿ ಕೊಠಡಿಯೂ ಕ್ಷೇಮವೆಂದು ನಂಬಿದ್ದೇವೆ.

ಮೊದಲಿಗೆ ಕೃತಜ್ಞತೆ. ಇಷ್ಟು ವರ್ಷ ನಮ್ಮ ಮಕ್ಕಳು ಹಟ ಮಾಡಿದರೆ ನಾವು ಅದನ್ನು ಹಟ ಅನ್ನುತ್ತಿದ್ದೆವು. ತಾವು ದಯಮಾಡಿ ಬಂದು ಅದಕ್ಕೆ ‘ವರ್ತನಾ ಸಮಸ್ಯೆ’ ಎಂದು ಹೆಸರಿಟ್ಟಿರಿ. ನೀರು ಕೇಳಿದ್ದೆವು, ಬರಲಿಲ್ಲ. ಮೋರಿಗೆ ಚಪ್ಪಡಿ ಕೇಳಿದ್ದೆವು, ಬರಲಿಲ್ಲ. ಕೇಳದೇ ಇದ್ದ ಹೆಸರೊಂದು ಮನೆಬಾಗಿಲಿಗೇ ಬಂದಾಗ ಬೇಡವೆನ್ನಲು ನಾವು ಅಷ್ಟು ಕೃತಘ್ನರೇ?

ಈ ಹೆಸರು ನಮ್ಮ ವಠಾರದಲ್ಲಿ ಬಂದು ಕೂತಿದ್ದು ಮಣಿಕಂಠನ ಮೇಲೆ. ಅವನಿಗೆ ನಾಲ್ಕು ವರ್ಷ. ತಾಯಿ ಜ್ಯೋತಿಲಕ್ಷ್ಮಿ ಯಲಹಂಕದ ಕಡೆಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಾಳೆ. ತಂದೆ ಗಿರಿ ರಾತ್ರಿಯೆಲ್ಲ ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸಿ ಹಗಲು ಮಲಗುತ್ತಾನೆ. ಮಗು ಸಹಕಾರನಗರದ ಒಂದು ನರ್ಸರಿಗೆ ಹೋಗುತ್ತಿತ್ತು. ಅದು ಮಧ್ಯಾಹ್ನ ಮೂರರ ತನಕ ಮಕ್ಕಳನ್ನು ಇಟ್ಟುಕೊಳ್ಳುತ್ತದೆ. ಮೂರರಿಂದ ತಾಯಿ ಬರುವವರೆಗೆ ಅವನನ್ನು ನೋಡಿಕೊಳ್ಳುವವರು ಪಕ್ಕದ ಮನೆಯ ಬದರುನ್ನೀಸಾ. ಅವನು ಕೈಕೂಸಾಗಿದ್ದಾಗಿನಿಂದಲೂ ಊಟ, ನಿದ್ದೆ, ಸ್ನಾನ, ಮೂಗೊರೆಸುವುದು ಎಲ್ಲಕ್ಕೂ ಅವರೇ. ಈ ಹುಡುಗ ಒಂದು ದಿನ ನರ್ಸರಿಯಲ್ಲಿ ಬಣ್ಣದ ಕಡ್ಡಿಗಾಗಿ ಪಕ್ಕದ ಮಗುವಿನ ತೋಳು ಕಚ್ಚಿದ. ಮರುವಾರ ಇನ್ನೊಂದು ತೋಳು. ನರ್ಸರಿಯ ಮುಖ್ಯೋಪಾಧ್ಯಾಯಿನಿ ಜ್ಯೋತಿಲಕ್ಷ್ಮಿಯನ್ನು ಕರೆಸಿ, “ಬೇರೆ ಪೇರೆಂಟ್ಸೆಲ್ಲ ಕಂಪ್ಲೇಂಟ್ ಮಾಡ್ತಿದಾರಮ್ಮ. ಹೆಲ್ತ್ ಸೆಂಟರ್‌ನಲ್ಲಿ ಟ್ರೇನಿಂಗ್ ಕೊಡ್ತಾರಂತಲ್ಲ, ಮುಗಿಸಿ ಸರ್ಟಿಫಿಕೇಟ್ ತಗೊಂಬನ್ನಿ, ಆಮೇಲೆ ಕೂರಿಸ್ಕೋತೀವಿ” ಎಂದರು. ಅಲ್ಲಿಯವರೆಗೆ ಮಗು ಮನೆಯಲ್ಲಿ. ಬದರುನ್ನೀಸಾಗೆ ಮಂಡಿ ನೋವು, ಓಡುವ ಹುಡುಗನ ಹಿಂದೆ ಇಡೀ ದಿನ ಓಡಲಾರರು. ನರ್ಸರಿಯ ಜಾಗ ಹೋದರೆ ಜ್ಯೋತಿಲಕ್ಷ್ಮಿಯ ಕೆಲಸವೂ ಹೋದಂತೆ. ಇಷ್ಟು ತೂಕವನ್ನು ತಮ್ಮ ಪ್ರಮಾಣಪತ್ರ ಹೊತ್ತು ನಿಂತಿದೆ ಎಂಬುದು ತಮ್ಮ ಗಮನಕ್ಕೆ ಬಂದಿರಲಾರದು. ಅದು ಬಹಳ ತೆಳುವಾದ ಕಾಗದ.

ಸುಳ್ಳು ಹೇಳುವ ಅಭ್ಯಾಸವನ್ನು ನಾನು ಸದಸ್ಯನಾಗಿರುವ ಕಾರ್ಮಿಕ ಸಂಘಟನೆ ನನಗೆ ಕಲಿಸಿಲ್ಲವಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ತಮ್ಮ ಮೊದಲ ಪಾಠ ಬಲು ಒಳ್ಳೆಯದು. ದಿನಕ್ಕೆ ಸ್ವಲ್ಪ ಹೊತ್ತು ಮಗುವಿನ ಜೊತೆ ಆಡಿ, ಆಜ್ಞೆ ಮಾಡಬೇಡಿ, ಪ್ರಶ್ನೆ ಕೇಳಬೇಡಿ, ಅದು ಮಾಡುವುದನ್ನು ಮೆಚ್ಚಿ ಹೇಳಿ ಎಂದು ತಮ್ಮ ತರಬೇತುದಾರರಾದ ನಂದಿತಾ ಮೇಡಂ ಕಲಿಸಿದರು. ಅಂದು ಸಂಜೆ ಜ್ಯೋತಿಲಕ್ಷ್ಮಿ ಖಾಲಿ ದಾರದ ಉರುಳೆಗಳನ್ನು ಮಗನ ಮುಂದೆ ಸುರಿದು, “ಗೋಪುರ ಕಟ್ತಿದೀಯಾ, ಚೆನ್ನಾಗಿದೆ ಕಣೋ” ಎಂದಷ್ಟೇ ಹೇಳಿ ಸುಮ್ಮನೆ ಕೂತಳು. ಬೈಗುಳಕ್ಕೆ ಕಿವಿ ಚಾಚಿ ಕಾದಿದ್ದ ಹುಡುಗ ತಾಯಿಯ ಮುಖವನ್ನು ಎರಡೆರಡು ಸಲ ನೋಡಿದ, ಆಮೇಲೆ ಅವಳ ತೊಡೆಗೆ ಒರಗಿದ. ಪಾಠ ಕೆಲಸಕ್ಕೆ ಬಾರದ್ದಾಗಿದ್ದರೆ ಈ ಪತ್ರ ಬರೆಯುವ ಕಷ್ಟವನ್ನೇ ನಾನು ತೆಗೆದುಕೊಳ್ಳುತ್ತಿರಲಿಲ್ಲ. ಕೆಲಸಕ್ಕೆ ಬರುವ ಮದ್ದನ್ನು ಕೈಯಲ್ಲಿಟ್ಟುಕೊಂಡು, ಬಾಟಲಿಯ ಮುಚ್ಚಳ ಬಿಗಿಮಾಡಿ ಕೂತಿರುವುದೇ ತಮ್ಮ ಸಾಧನೆ.

ತಮ್ಮ ನಿಯಮದಂತೆ ತಂದೆತಾಯಿ ಇಬ್ಬರೂ ಬರಬೇಕು. ಗಿರಿಯೂ ಬಂದ. ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋದ. ನಂದಿತಾ ಮೇಡಂ ಅದನ್ನು ಧ್ಯಾನವೆಂದು ತಿಳಿದು, “ನೋಡಿ, ಈ ತಂದೆ ಎಷ್ಟು ರಿಲ್ಯಾಕ್ಸ್ ಆಗಿದಾರೆ, ಮಗು ಮುಂದೆ ನಮ್ಮ ಮುಖ ಹಿಂಗಿರ್ಬೇಕು” ಎಂದು ಉಳಿದವರಿಗೆ ತೋರಿಸಿದರು. ಇಡೀ ಶಿಬಿರದಲ್ಲಿ ಶ್ಲಾಘನೆ ಪಡೆದ ಏಕೈಕ ತಂದೆ ಅವನೇ. ಅವನಿಗೆ ಈ ವಿಷಯವನ್ನು ನಾವು ಎಬ್ಬಿಸಿ ತಿಳಿಸಬೇಕಾಯಿತು.

ಅದೇ ದಿನದ ಕೊನೆಯಲ್ಲಿ ಕಲಿಸಿದ್ದು ನಿರ್ಲಕ್ಷಿಸುವ ವಿದ್ಯೆ. ಮಗು ಬೇಕೆಂದೇ ಅತ್ತು ಹೊರಳಾಡಿದರೆ ಗಮನ ಕೊಡಬೇಡಿ, ಮುಖ ತಿರುಗಿಸಿ, ಗಮನ ಸಿಗದ ವರ್ತನೆ ತಾನಾಗಿ ನಿಲ್ಲುತ್ತದೆ. ಪುಸ್ತಿಕೆಯಲ್ಲಿ ಚಿತ್ರವೂ ಇದೆ. ವಿಶಾಲವಾದ ಹಜಾರ, ಒಂದು ಸೋಫಾ, ಕಿಟಕಿಗೆ ಪರದೆ, ಅಳುವ ಒಂದು ಮಗು, ಪುಸ್ತಕ ಓದುವ ಒಬ್ಬ ತಾಯಿ. ಆ ಚಿತ್ರದಲ್ಲಿ ಮೂರನೆಯ ಮನುಷ್ಯನಿಲ್ಲ.

ನಮ್ಮಲ್ಲಿ ಏನಾಯಿತೆಂದರೆ, ಮಣಿಕಂಠ ಮೊಬೈಲಿಗಾಗಿ ನೆಲಕ್ಕೆ ಬಿದ್ದು ಚೀರಿದ. ಜ್ಯೋತಿಲಕ್ಷ್ಮಿ ಪಾಠದಂತೆ ಗೋಡೆಯ ಕಡೆ ತಿರುಗಿ ಕೂತಳು. ನಮ್ಮ ವಠಾರದ ರಿವಾಜೆಂದರೆ, ಅಳುವ ಮಗು ಯಾರ ಹೊಟ್ಟೆಯದೇ ಆಗಿರಲಿ, ಮೊದಲು ಕೇಳಿಸಿಕೊಂಡವರು ಎತ್ತಿಕೊಳ್ಳಬೇಕು. ಅಳು ಕೇಳಿಯೂ ಒಲೆ ಮುಂದೆ ಕೂತವಳನ್ನು ಇಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಹಾಗಾಗಿ ಕೆಳಗಿನಿಂದ ಮನೆಯೊಡತಿ ಲಕ್ಷ್ಮಿದೇವಮ್ಮ ಬೆಲ್ಲದಚ್ಚು ಹಿಡಿದು ಮೆಟ್ಟಿಲು ಹತ್ತಿ ಬಂದು, “ಅಯ್ಯೋ, ಮಗೀನ ನೆಲದ ಮ್ಯಾಲೆ ಬಿಟ್ಬುಟ್ಟು ಗ್ವಾಡೆ ನೋಡ್ತಾ ಕುಂತವ್ಳಲ್ಲ, ನಿಂಗೇನ್ ಗಾಳಿ ಗೀಳಿ ಮೆಟ್ಕೊಂಡೈತೇನೇ” ಎಂದರು. ಬದರುನ್ನೀಸಾ ಬಿಸ್ಕತ್ತು ತಂದರು. ಅವರ ಮಗಳು ಜಬೀನ್ ತನ್ನ ಮೊಬೈಲನ್ನೇ ಕೊಟ್ಟಳು. ಹೀಗೆ ಒಬ್ಬ ತಾಯಿ ಮುಖ ತಿರುಗಿಸಿದ್ದಕ್ಕೆ ಮಗುವಿಗೆ ಬೆಲ್ಲ, ಬಿಸ್ಕತ್ತು, ಮೊಬೈಲು ಮತ್ತು ಮೂವರು ಹೆಂಗಸರು ದೊರೆತರು. ಮರುದಿನ ಅವನು ಇನ್ನೂ ಜೋರಾಗಿ ಅತ್ತ. ಬಹುಮಾನ ಸಿಕ್ಕ ವರ್ತನೆ ಹೆಚ್ಚುತ್ತದೆ ಎಂದು ತಮ್ಮ ಪುಸ್ತಿಕೆಯಲ್ಲೇ ಇದೆ, ವಿಜ್ಞಾನ ಸುಳ್ಳಾಗಲಿಲ್ಲ.

ಮುಂದಿನ ಬುಧವಾರ ಜ್ಯೋತಿಲಕ್ಷ್ಮಿ ಇದನ್ನೇ ಕೇಳಿದಳು. “ನಾನ್ ಬಿಟ್ರೂ ವಠಾರ ಬಿಡಲ್ಲ ಮೇಡಂ, ಏನ್ ಮಾಡ್ಲಿ?” ನಂದಿತಾ ಮೇಡಂ ಪುಸ್ತಿಕೆ ತಿರುವಿದರು, ಸಿಗಲಿಲ್ಲ. ಹುಡುಗಿ ಒಳ್ಳೆಯವಳು, ಗುತ್ತಿಗೆ ಕೆಲಸದವಳು, ತಾವು ಅಚ್ಚು ಹಾಕಿಸಿ ಕೊಟ್ಟದ್ದನ್ನು ಓದುವವಳು. ಅವಳ ಮೇಲೆ ನಮಗೆ ಸಿಟ್ಟಿಲ್ಲ. ಅಂದು ಪರಿವೀಕ್ಷಣೆಗೆ ದಯಮಾಡಿಸಿದ್ದ ತಾವೇ ಹಿಂದಿನ ಸಾಲಿನಿಂದ ಎದ್ದು ಉತ್ತರ ಕೊಟ್ಟಿರಿ: “ನೆರೆಹೊರೆಯವರಿಗೆ ಗಡಿ ಹಾಕಿ.” ಎಂಥ ಮಾತು ಸ್ವಾಮಿ! ಒಂದೇ ನಲ್ಲಿ, ಒಂದೇ ಕಕ್ಕಸು, ಒಂದೇ ಬಟ್ಟೆ ಒಣಗಿಸುವ ತಂತಿ ಇರುವಲ್ಲಿ ಗಡಿಯನ್ನು ಎಲ್ಲಿ ಎಳೆಯಬೇಕೆಂದು ತಾವು ಬಂದು ಸುಣ್ಣದಲ್ಲಿ ಗುರುತು ಹಾಕಿಕೊಡಬೇಕಿತ್ತು. ಗಡಿ ಹಾಕಿದರೆ ಮಧ್ಯಾಹ್ನ ಮೂರಕ್ಕೆ ಆ ಮಗುವಿಗೆ ಅನ್ನ ಕಲಸುವವರು ಯಾರೆಂದು ತಾವೂ ಕೇಳಲಿಲ್ಲ, ತಮ್ಮ ಪುಸ್ತಿಕೆಯೂ ಕೇಳಲಿಲ್ಲ.

ಅದರ ಮುಂದಿನ ಬುಧವಾರ ಗಾರ್ಮೆಂಟ್ಸ್‌ನ ಮೇಲ್ವಿಚಾರಕ ಜ್ಯೋತಿಲಕ್ಷ್ಮಿಯನ್ನು ಬಿಡಲಿಲ್ಲ. “ಏನಮ್ಮಾ, ಬುಧವಾರ ಬುಧವಾರ ಯಾವ್ ದೇವ್ರಿಗೆ ಹರಕೆ ಹೊತ್ತಿದೀಯ? ಹೋಗಿ ಬಾ, ಹಂಗೇ ಅಲ್ಲೇ ಇದ್ಬಿಡು” ಎಂದನಂತೆ. ಗಿರಿಗೂ ಅಂದು ವಿಮಾನ ನಿಲ್ದಾಣದ ಟ್ರಿಪ್ ಮುಗಿದಿರಲಿಲ್ಲ. ಅವಳು ತನಗೆ ತೋಚಿದ ಅತ್ಯಂತ ವಿವೇಕದ ಕೆಲಸ ಮಾಡಿದಳು. ಮಗುವಿನ ಜೊತೆ ಇರುವವರೇ ಕಲಿಯಲಿ ಎಂದು ಬದರುನ್ನೀಸಾ ಅವರನ್ನು ಕಳಿಸಿದಳು. ಅವರು ಮಂಡಿ ಹಿಡಿದುಕೊಂಡು, ಮಣಿಕಂಠನ ಕೈ ಹಿಡಿದುಕೊಂಡು, ಸರ್ವೀಸ್ ರಸ್ತೆ ದಾಟಿ ಬಂದರು. ಬಾಗಿಲ ಬಳಿಯ ಹಾಜರಿ ಮೇಜಿನಲ್ಲಿ ಅಂದು ತಾವೇ ಕೂತಿದ್ದಿರಿ. ಮಗುವಿಗೆ ನೀವೇನಾಗಬೇಕು ಎಂದು ಕೇಳಿದಿರಿ. “ನಾನಾ? ಪಕ್ಕದ ಮನೆಯವಳು ಸಾರ್. ಮಗು ನನ್ ಹತ್ರಾನೇ ಇರೋದು” ಎಂದರು. ಹೆಸರು ಕೇಳಿದಿರಿ. ಹೇಳಿದರು. ತಾವು ಹೆಸರನ್ನೊಮ್ಮೆ ನೋಡಿ, ಮಗುವಿನ ಹಣೆಯ ವಿಭೂತಿಯನ್ನೊಮ್ಮೆ ನೋಡಿ, “ಈ ಮಗುಗೆ ನೀವು ಏನೂ ಅಲ್ವಲ್ಲಮ್ಮ, ಸಂಬಂಧ ಇಲ್ಲದೋರ್ನ ಒಳಗೆ ಬಿಡಕ್ಕಾಗಲ್ಲ” ಎಂದಿರಿ. ಆಮೇಲೆ ಜ್ಯೋತಿಲಕ್ಷ್ಮಿ ಗೈರೆಂದು ಬರೆದು, ಗುಂಪಿನಿಂದಲೇ ಹೆಸರು ತೆಗೆದಿರಿ. ಹೊಸ ಗುಂಪು ಶುರುವಾಗುವುದು ದಸರೆ ಕಳೆದ ಮೇಲೆ. ನರ್ಸರಿ ಕಾಯುವುದು ಬರುವ ಸೋಮವಾರದವರೆಗೆ.

ವಾಪಸು ಬಂದ ಬದರುನ್ನೀಸಾ ಮೆಟ್ಟಿಲ ಮೇಲೆ ಕೂತರು. ಸಂಜೆ ಜ್ಯೋತಿಲಕ್ಷ್ಮಿ ಬಂದ ಮೇಲೆ ಎಲ್ಲರನ್ನೂ ಕರೆದು, “ನೋಡ್ರಮ್ಮಾ, ಅವಳೊಬ್ಬಳೇ ಮುಖ ತಿರುಗ್ಸಿದ್ರೆ ಏನೂ ಆಗಲ್ಲ, ನಾವೆಲ್ಲ ತಿರುಗ್ಸ್‌ಬೇಕು” ಎಂದರು. ಲಕ್ಷ್ಮಿದೇವಮ್ಮ ಜಗಳಕ್ಕೇ ನಿಂತರು, “ಕರುಳಿಲ್ವಾ ನಿಮಗೆ” ಎಂದರು, ಕೊನೆಗೆ ಒಪ್ಪಿದರು. ಮುಂದಿನ ಸಲ ಹುಡುಗ ನೆಲಕ್ಕೆ ಬಿದ್ದಾಗ ಒಂದು ಬಾಗಿಲೂ ತೆರೆಯಲಿಲ್ಲ. ಲಕ್ಷ್ಮಿದೇವಮ್ಮ ಕೆಳಗೆ ತಮ್ಮ ಮನೆಯೊಳಗೆ ಸೆರಗು ಬಾಯಿಗೆ ತುರುಕಿಕೊಂಡು ತಾವೇ ಅಳುತ್ತಿದ್ದರು. ಮಗು ಅತ್ತಿತು, ಸುತ್ತ ನೋಡಿತು, ಇನ್ನಷ್ಟು ಅತ್ತಿತು, ಕೊನೆಗೆ ಎದ್ದು ಬಂದು ತಾಯಿಯನ್ನು ನೀರು ಕೇಳಿತು. ಆಗ ಬಾಗಿಲುಗಳೆಲ್ಲ ತೆರೆದವು. ಆಮೇಲೆ ಅವನು ಯಾರನ್ನೂ ಕಚ್ಚಿಲ್ಲ. ಅಂದರೆ ಮಾನ್ಯರೇ, ತಮ್ಮ ಪಾಠ ಗೆದ್ದಿದೆ, ಗೆದ್ದದ್ದು ತಾವು ಹೊರಗೆ ಹಾಕಿದವರಿಂದ. ತಾವು ಅಭಿನಂದನೆ ಸ್ವೀಕರಿಸಲು ಬರುವುದಾದರೆ ಹಾರ ತರಿಸುತ್ತೇವೆ.

ಆದರೆ ನರ್ಸರಿಗೆ ಬೇಕಾಗಿರುವುದು ಕಚ್ಚದ ಮಗುವಲ್ಲ, ತಮ್ಮ ಮೊಹರು. ಆದ್ದರಿಂದ ಕೆಲವು ಸಣ್ಣಪುಟ್ಟ ಕೋರಿಕೆಗಳು.

ವೈದ್ಯಕೀಯವಾಗಿ ಸಾಧ್ಯವಿದ್ದರೆ, ಮಣಿಕಂಠನನ್ನು ಹಿಂದಿನ ದಿನಾಂಕದಿಂದ ಜಾರಿಗೆ ಬರುವಂತೆ ಬದರುನ್ನೀಸಾ ಅವರಿಂದ ಹೆರಿಸಿಕೊಡಬೇಕು. ಅವರಿಗೆ ಅರವತ್ತು ದಾಟಿದೆ ಎಂಬುದೊಂದೇ ತೊಡಕು, ತಮ್ಮ ಇಲಾಖೆ ಅದಕ್ಕಿಂತ ದೊಡ್ಡ ಪವಾಡಗಳನ್ನು ವಾರ್ಷಿಕ ವರದಿಯಲ್ಲಿ ಮಾಡಿ ತೋರಿಸಿದೆ. ಸಿಟ್ಟು ಬಂದ ತಾಯಿ ‘ಬೇರೆ ಕೋಣೆಗೆ ಹೋಗಿ ಉಸಿರೆಳೆದುಕೊಳ್ಳಬೇಕು’ ಎಂದು ಪುಸ್ತಿಕೆಯಲ್ಲಿ ಇರುವುದರಿಂದ, ಮನೆಗೊಂದರಂತೆ ಆ ಬೇರೆ ಕೋಣೆಯನ್ನು ಮಂಜೂರು ಮಾಡಬೇಕು; ಉಸಿರನ್ನು ನಾವೇ ಹೊಂದಿಸಿಕೊಳ್ಳುತ್ತೇವೆ. ಇನ್ನು, ತಾವು ಪಟ್ಟಿ ಮಾಡಿರುವ ಲಕ್ಷಣಗಳು, ಅಂದರೆ ಕೇಳಿದ್ದು ಕೂಡಲೇ ಸಿಗಬೇಕೆಂಬ ಹಟ, ಸರದಿ ಕಾಯಲಾಗದಿರುವುದು, ಕಿರುಚುವುದು, ತನಗಿಂತ ಸಣ್ಣವರನ್ನು ಕಂಡರೆ ಕಚ್ಚುವುದು, ನಾಲ್ಕು ವರ್ಷದವರಿಗಿಂತ ಐವತ್ತು ದಾಟಿದವರಲ್ಲೇ ಹೆಚ್ಚಾಗಿ ಕಾಣಿಸುತ್ತಿವೆ. ಗಾರ್ಮೆಂಟ್ಸ್ ಮೇಲ್ವಿಚಾರಕರಿಗೆ ಒಂದು ಗುಂಪು, ರಾತ್ರೋರಾತ್ರಿ ಪುಟ್ಟೇನಹಳ್ಳಿ ಕೆರೆ ಕಡೆ ಕಟ್ಟಡದ ಕಸ ಸುರಿದು ಓಡುವ ಬಿಲ್ಡರುಗಳಿಗೆ ಒಂದು ಗುಂಪು ತೆರೆಯಬೇಕು. ಹೆಂಗಸರನ್ನು ಬೈಯದೆ ಕಕ್ಕಸಿಗೆ ಹೋಗಲು ಬಿಟ್ಟ ದಿನ ಮೇಲ್ವಿಚಾರಕನ ಅಂಗಿಗೆ, ಮಕ್ಕಳಿಗೆ ಮೆಚ್ಚುಗೆಗೆಂದು ಅಂಟಿಸುವಂಥ ಒಂದು ಚಿನ್ನದ ಬಣ್ಣದ ನಕ್ಷತ್ರ ಅಂಟಿಸಬೇಕು. ಅವರ ಬಳಿ ತರಬೇತಿಗೆ ಬರಲು ಹೊತ್ತಿಲ್ಲವೆಂದರೆ ತಾವು ಗೈರುಹಾಜರಿ ಹಾಕುವಿರೋ, ಅವರಿಗಾಗಿ ಗಂಟೆ ಬದಲಿಸುವಿರೋ? ಉತ್ತರ ನಮಗೆ ಗೊತ್ತು. ತಮ್ಮ ಬಾಯಿಂದ ಕೇಳುವ ಆಸೆ ಅಷ್ಟೇ.

ಇಷ್ಟು ವಿನಯ ಸಾಕು. ದುಡಿಯುವ ಹೆಂಗಸು ದುಡಿಯುವ ಹೊತ್ತಿನಲ್ಲೇ ತರಬೇತಿ ಇಟ್ಟು, ಅವಳು ಬರಲಿಲ್ಲವೆಂದು ಅವಳನ್ನೇ ಬೇಜವಾಬ್ದಾರಿ ತಾಯಿ ಎನ್ನುವುದು ತರಬೇತಿಯಲ್ಲ, ಶಿಕ್ಷೆ. ಮಗುವನ್ನು ಸಾಕುವವರನ್ನು ಬಾಗಿಲಲ್ಲಿ ತಡೆದು, ಹೆತ್ತವರಿಗೆ ಮಾತ್ರ ಬಾಗಿಲು ತೆರೆಯುವುದು ವಿಜ್ಞಾನವಲ್ಲ, ಅಹಂಕಾರ. ನಮಗೆ ಬೇಕಾದದ್ದು ಇಷ್ಟು: ತರಬೇತಿ ಭಾನುವಾರ ನಡೆಯಲಿ. ನಮ್ಮ ವಠಾರದ ತಾರಸಿಯಲ್ಲೇ ನಡೆಯಲಿ, ಚಾಪೆ ನಾವು ಹಾಸುತ್ತೇವೆ, ನಂದಿತಾ ಮೇಡಂಗೆ ಊಟವನ್ನೂ ಹಾಕುತ್ತೇವೆ. ಮಗುವನ್ನು ನೋಡಿಕೊಳ್ಳುವ ಯಾರೇ ಆಗಲಿ ಒಳಗೆ ಬರಲಿ. ಸೋಮವಾರದ ಒಳಗೆ ನರ್ಸರಿಗೆ ತಮ್ಮ ಸಹಿಯ ನಾಲ್ಕು ಸಾಲು ಹೋಗಲಿ. ಹೋಗದಿದ್ದರೆ ಮಂಗಳವಾರ ಬೆಳಿಗ್ಗೆ ತಮ್ಮ ಕೇಂದ್ರದ ಆನೆಮರಿಗಳ ಕೆಳಗೆ ನಾವು ಕೂತಿರುತ್ತೇವೆ, ಮಕ್ಕಳನ್ನೂ ಕರೆತರುತ್ತೇವೆ.

ತಮ್ಮಲ್ಲಿ ಇಡಬಹುದಾದ ವಿಶ್ವಾಸವನ್ನು ಸೋಮವಾರದವರೆಗೆ ಮಾತ್ರ ಉಳಿಸಿಕೊಂಡಿರುವ,
ಭೀಮರಾಜ್
ಲಕ್ಷ್ಮಿದೇವಮ್ಮನವರ ವಠಾರ, ಕೊಡಿಗೇಹಳ್ಳಿ

ಮರೆಯದೆ ಓದಬೇಕಾದದ್ದು: ಈ ಪತ್ರವನ್ನು ವಠಾರದಲ್ಲಿ ಗಟ್ಟಿಯಾಗಿ ಓದಿದಾಗ ಬದರುನ್ನೀಸಾ ಒಂದು ಮಾತು ಸೇರಿಸಲು ಹೇಳಿದರು. ಅಂದು ಹಾಜರಿ ಮೇಜಿನಲ್ಲಿ ತಾವು ಆಡಿದ್ದನ್ನು, ಅವರ ಕೈ ಹಿಡಿದು ನಿಂತಿದ್ದ ಮಣಿಕಂಠನೂ ಕೇಳಿಸಿಕೊಂಡಿದ್ದಾನೆ. ಈಗ ಕಚ್ಚುವುದಿಲ್ಲ, ಹೊರಳಾಡುವುದಿಲ್ಲ. ಬದರುನ್ನೀಸಾ ಅನ್ನದ ತಟ್ಟೆ ಹಿಡಿದು ಕರೆದರೆ ಮಾತ್ರ ದೂರ ನಿಂತು, “ನೀನು ನಂಗೆ ಏನೂ ಅಲ್ವಲ್ಲ” ಎನ್ನುತ್ತಾನೆ. ಇದನ್ನು ಬಿಡಿಸುವ ಪಾಠ ಯಾವ ಪುಟದಲ್ಲಿದೆ ಎಂದು ತಿಳಿಸಬೇಕಂತೆ.