ಗುರಬಾಯಿ ಆಯಿಯ ಮನೆಗೆ ನಾನು ಓಡಿ ಹೋದದ್ದು

ದೇಹ ಇಳಿಯಬೇಕು, ಪುಣ್ಯ ಏರಬೇಕು. ಈ ಎರಡೂ ಆಸೆಗಳನ್ನು ಒಂದೇ ಚಡ್ಡಿಯಲ್ಲಿ ತುಂಬಬಹುದು ಎಂದು ನನಗೆ ಹೇಳಿಕೊಟ್ಟವರು ನಮ್ಮ ಉಮರಗಾದ ಜಾಧವ ಸರ್.

ಸರ್ ಹುಡುಗರಿಗೆ ಗಣಿತದ ಕ್ಲಾಸು ನಡೆಸುತ್ತಾರೆ. ಗಣಿತದಿಂದ ಊರು ಉದ್ಧಾರವಾಗುವುದಿಲ್ಲ ಎಂದು ಗೊತ್ತಾದ ಮೇಲೆ ಬೆಳಿಗ್ಗೆ ಓಡುವವರನ್ನೆಲ್ಲ ಕೂಡಿಸಿ ಒಂದು ಮಂಡಳ ಕಟ್ಟಿದರು. ಮಂಡಳದಲ್ಲಿ ಸುಮ್ಮನೆ ಓಡುವ ಹಾಗಿಲ್ಲ. ಓಡಿದ ದಾರಿಯಲ್ಲಿ ಯಾರಿಗಾದರೂ ಉಪಯೋಗವಾಗಬೇಕು. ಹಿರಿಯರ ಮನೆಗೆ ಗುಳಿಗೆ ಮುಟ್ಟಿಸಬೇಕು, ಗುಡಿಯ ಮುಂದಿನ ಕಸ ಎತ್ತಬೇಕು, ಯಾರದೋ ಸಂದೇಶ ಯಾರಿಗೋ ತಲುಪಿಸಬೇಕು. ಅಂಗಿಯ ಬೆನ್ನ ಮೇಲೆ ಮರಾಠಿಯಲ್ಲಿ ‘ಧಾವತಾ ಧಾವತಾ ಸೇವಾ’ ಎಂದು ಬರೆದಿರುತ್ತದೆ. ಓಡುತ್ತ ಓಡುತ್ತ ಸೇವೆ ಎಂದರ್ಥ. ನನ್ನ ಬೆನ್ನು ಅಗಲವಾದ್ದರಿಂದ ಉಳಿದವರಿಗಿಂತ ದೊಡ್ಡ ಅಕ್ಷರಗಳು ನನ್ನ ಪಾಲಿಗೆ ಬಂದವು. ಇದನ್ನು ನಾನು ಒಂದು ಗೌರವವೆಂದೇ ಭಾವಿಸಿದೆ.

ನಾನು ವೈಜನಾಥ. ಕಿರಾಣಿ ವ್ಯಾಪಾರಿ. ಮೂವತ್ತು ವರ್ಷ ಗಾದಿಯ ಮೇಲೆ ಕೂತು ಕೂತು ಗಾದಿ ತೆಳ್ಳಗಾಗಿ ನಾನು ದಪ್ಪಗಾದೆ. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಓಡಲು ಹೊರಟವನನ್ನು ನೋಡಿ ನನ್ನ ಹೆಂಡತಿ ಮಹಾದೇವಿ ಬಾಗಿಲಲ್ಲಿ ನಿಂತು ಕೇಳಿದಳು.

“ಈ ವಯಸ್ಸಿನಾಗ ಚಡ್ಡಿ ಹಾಕ್ಕೊಂಡು ಸಮಾಜದ ಮುಂದ ಓಡ್ತೀರೇನು?”

“ಸಮಾಜದ ಮುಂದ ಅಲ್ಲ. ಸಮಾಜಕ್ಕಾಗಿ ಓಡ್ತೀನಿ.”

“ಮೊದ್ಲ ಬೂಟಿನ ಲೇಸ್ ನೀವೇ ಕಟ್ಕೋರಿ. ಆಮ್ಯಾಲ ಸಮಾಜ ನೋಡೂಣು.”

ಇದು ನಿಜವಾದ ತೊಡಕು. ಬಗ್ಗಿದರೆ ನನ್ನ ಹೊಟ್ಟೆ ಮೊದಲು ನೆಲ ನೋಡುತ್ತದೆ, ಬೂಟು ನನಗೆ ಕಾಣುವುದಿಲ್ಲ. ಲೇಸು ಕಟ್ಟುವವಳು ಮಹಾದೇವಿಯೇ. ಒಮ್ಮೆ ಕಟ್ಟಿದರೆ ಮತ್ತೆ ನಾನು ಮನೆಗೆ ಬಂದ ಮೇಲೆ ಅವಳೇ ಬಿಚ್ಚಬೇಕು. ಅಲ್ಲಿಯವರೆಗೆ ನಾನು ಯಾರ ಮನೆಯ ಒಳಗೂ ಕಾಲಿಡುವಂತಿಲ್ಲ. ಇನ್ನೊಂದು ಮಾತು: ನಾನು ಲಿಂಗಪೂಜೆಯಾಗುವ ತನಕ ಹನಿ ನೀರೂ ಮುಟ್ಟುವವನಲ್ಲ, ಮತ್ತು ಪೂಜೆ ಓಟದ ನಂತರ. ಈ ಎರಡು ಸಣ್ಣ ನಿಯಮಗಳು ಸೇರಿ ಒಂದು ಮನೆತನಕ್ಕೆ ಬೆಂಕಿ ಇಡಬಹುದೆಂದು ಯಾರು ಎಣಿಸಿದ್ದರು?

ಮೊದಲ ಕೆಲವು ವಾರ ನನಗೆ ಕಸದ ಕೆಲಸವೇ ಸಿಕ್ಕಿತು. ನನ್ನ ಓಟದ ವೇಗಕ್ಕೆ ಅದೇ ಸರಿ ಎಂದು ಸರ್ ನಿರ್ಧರಿಸಿದ್ದರು. ನನಗೆ ಒಳಗೊಳಗೇ ಬೇಸರವಿತ್ತು. ಒಂದು ದೊಡ್ಡ ಸೇವೆಗಾಗಿ ನಾನು ಕಾಯುತ್ತಿದ್ದೆ.

ಅದು ಉದಗೀರದಿಂದ ಫೋನಿನಲ್ಲಿ ಬಂತು. ಅಲ್ಲಿಯ ಅಡತ ವ್ಯಾಪಾರಿ ರಾಚಪ್ಪ ಕಾಕಾ ನನ್ನ ಅಂಗಡಿಗೆ ತೊಗರಿಬೇಳೆ ಕಳಿಸುವವರು. ವರ್ಷದ ಹಿಂದೆ ಅವರ ಎದೆಯ ಆಪರೇಷನ್ ಆಗಿದೆ. ಅಂದು ಸಂಜೆ ಬೇಳೆಯ ಮಾತು ಮುಗಿದ ಮೇಲೂ ಅವರು ಫೋನ್ ಇಡಲಿಲ್ಲ.

“ವೈಜನಾಥ, ನಮ್ಮ ಅಕ್ಕ ಹ್ಯಾಂಗ ಅದಾಳ?”

ಅವರ ಅಕ್ಕ ಗುರಬಾಯಿ ಆಯಿ ನಮ್ಮ ಊರಿನ ಹಳೇ ಓಣಿಯಲ್ಲಿ ಇರುತ್ತಾಳೆ. ಗಂಡ ಹೋದ ಮೇಲೆ ಶಾವಿಗೆ, ಹಪ್ಪಳ ಮಾಡಿ ಯಾರ ಹಂಗೂ ಇಲ್ಲದೆ ಬದುಕಿದವಳು. ಅಕ್ಕ-ತಮ್ಮ ಮಾತಾಡಿ ಬಹಳ ವರ್ಷಗಳಾಗಿದ್ದವು. ಅವರ ತಾಯಿ ತೀರಿಕೊಂಡಾಗ ಸುದ್ದಿ ಉಮರಗಾಕ್ಕೆ ತಡವಾಗಿ ಮುಟ್ಟಿತು. ನಿಲಂಗಾದಲ್ಲಿ ಬಸ್ಸು ಬದಲಿಸಿ ಈಕೆ ಉದಗೀರಕ್ಕೆ ಹೋಗುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಕತ್ತಲಾಗುವುದರೊಳಗೆ ಮುಗಿಸಬೇಕೆಂದು ತಮ್ಮ ಕಾಯಲಿಲ್ಲ. ಅವ್ವನ ಮುಖದ ಬದಲು ಹಸಿ ಮಣ್ಣಿನ ಗುಂಪೆ ನೋಡಿ ಬಂದವಳು ಮತ್ತೆ ತವರಿನ ಹೊಸ್ತಿಲು ತುಳಿಯಲಿಲ್ಲ. ನಾಗರ ಪಂಚಮಿ ಬಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುತ್ತಾರೆ. ಈಕೆ ಅವರ ಮನೆಗಳ ಬೀಗ ಕಾಯುತ್ತಾಳೆ.

“ಈ ಸಲ ಪಂಚಮಿಗಿ ಬಾ ಅಂತ ಹೇಳು,” ಎಂದರು ಕಾಕಾ. “ಎದಿ ಕೊಯ್ಸಿಕೊಂಡ ಮನಷ್ಯಾ ನಾ. ಇದ್ದಾಗ ಒಮ್ಮೆ ಆಕಿ ಮಾರಿ ನೋಡ್ಬೇಕು. ನಾ ಫೋನ್ ಮಾಡಿದ್ರ ಆಕಿ ಎತ್ತಂಗಿಲ್ಲ. ನೀ ಮನಿತನಕ ಹೋಗಿ, ಕರದಾನ ಅನ್ನು.”

ಬುದ್ಧಿ ಇದ್ದ ಮನುಷ್ಯ ಅದೇ ಸಂಜೆ ಧೋತರ ಉಟ್ಟು, ಹೋಗಿ, ಕೂತು, ಚಹಾ ಕುಡಿದು ಹೇಳಿ ಬರುತ್ತಿದ್ದ. ನಾನು ಮಂಡಳದ ಸದಸ್ಯ. ಬೆಳಿಗ್ಗೆ ಓಡಿ ಹೋಗಿ ಹೇಳುತ್ತೇನೆಂದು ನಿರ್ಧರಿಸಿದೆ.

ನಸುಕಿನಲ್ಲಿ ಜಿಟಿಜಿಟಿ ಮಳೆ. ತಲೆಯ ಮೇಲೆ ಬಿಳಿ ಟಾವೆಲ್ ಹಾಕಿಕೊಂಡು ಹೊರಟೆ. ನನ್ನ ಮನೆ ಬಸ್‌ಸ್ಟ್ಯಾಂಡಿನ ಕಡೆ, ಆಯಿಯ ಮನೆ ಊರಿನ ಇನ್ನೊಂದು ತುದಿ. ಇಷ್ಟು ದೂರ ನಿಲ್ಲದೆ ಓಡಿದ್ದು ಅದೇ ಮೊದಲು. ಹಿಂದೆ ನಾಯಿಗಳಿದ್ದದ್ದೂ ಅದಕ್ಕೆ ಒಂದು ಕಾರಣ. ಆಯಿ ಅಂಗಳ ಕಸಗುಡಿಸುತ್ತಿದ್ದಳು. ನನ್ನನ್ನು ನೋಡಿ ಪೊರಕೆ ಹಿಡಿದ ಕೈ ಹಾಗೇ ನಿಂತಿತು.

“ಯಾರು? ವೈಜನಾಥಾ? ಏನಾಯ್ತೋ ಯಪ್ಪಾ? ಒಳಗ ಬಾ.”

ಬೂಟಿನ ನೆನಪಾಗಿ ತಲೆ ಅಲ್ಲಾಡಿಸಿದೆ.

“ನೀರರೆ ಕುಡಿ.”

ಪೂಜೆಯ ನೆನಪಾಗಿ ಕೈ ಅಲ್ಲಾಡಿಸಿದೆ.

“ಏನದ ಹೇಳೋ?”

“ಉದಗೀರ...” ಎಂದೆ. ಉಸಿರು ಮುಗಿಯಿತು. “ರಾಚಪ್ಪ ಕಾಕಾ...” ಮತ್ತೆ ಮುಗಿಯಿತು. “ಕರದಾರ.”

“ಏನಾಗ್ಯದ ಅಂವಗ?”

ಏನೂ ಆಗಿಲ್ಲ, ಆರಾಮ ಇದ್ದಾರೆ, ಪಂಚಮಿಗೆ ಕರೆದಿದ್ದಾರೆ ಎಂದು ಹೇಳುವುದಿತ್ತು. ಉಸಿರು ಬರಲಿಲ್ಲ. ಒಂದು ಕೈ ಎದೆಯ ಮೇಲಿಟ್ಟು, ಇನ್ನೊಂದು ಕೈ ಮೇಲಕ್ಕೆತ್ತಿ, ಸ್ವಲ್ಪ ತಡೆಯಿರಿ ಎಂದು ಸನ್ನೆ ಮಾಡಿದೆ.

ಆಯಿ ಪೊರಕೆ ಬಿಟ್ಟು ಅಲ್ಲೇ ಕುಸಿದು ಕೂತಳು. ಕಣ್ಣಲ್ಲಿ ನೀರು ತುಂಬಿತು. ತವರಿನ ಕರೆ ಎಂದರೆ ಹೀಗಿರುತ್ತದೆ ಎಂದುಕೊಂಡೆ. ಉಸಿರು ಬಂದ ಮೇಲೆ ಮೆಲ್ಲಗೆ ಕೇಳಿದೆ, “ಹೋಗ್ತೀರಲ್ಲ ಆಯಿ?”

“ಹೋಗಲಾರದ ಹ್ಯಾಂಗಿರ್ಲಿ? ಈಗೇ ಹೋಗ್ತೀನಿ.”

ಹಬ್ಬಕ್ಕೆ ಇನ್ನೂ ದಿನಗಳಿವೆ, ಆದರೂ ಎಂಥ ಆತುರ! ನನ್ನ ಕಣ್ಣೂ ಒದ್ದೆಯಾಯಿತು. ನಡುವೆ ನಿಂತರೆ ಕಾಲು ಹಿಡಿಯುತ್ತವೆ ಎಂದು ಸರ್ ಹೇಳಿದ್ದು ನೆನಪಾಗಿ ಅಲ್ಲಿಂದ ಓಡಿದೆ. ಬೆನ್ನ ಮೇಲಿನ ‘ಸೇವಾ’ ಆಕೆಗೆ ಚೆನ್ನಾಗಿ ಕಂಡಿರಬೇಕು.

ಈಗ ಒಂದು ಮಾತು ಹೇಳಬೇಕು. ನಮ್ಮ ಕಡೆ ಸಾವಿನ ಸುದ್ದಿ ತರುವವನು ಸತ್ತರು ಎಂದು ಬಾಯಿ ಬಿಟ್ಟು ಹೇಳುವುದಿಲ್ಲ. ನಸುಕಿನಲ್ಲಿ ಓಡಿ ಬರುತ್ತಾನೆ. ತಲೆಯ ಮೇಲೆ ಟಾವೆಲ್ ಇರುತ್ತದೆ. ಹೊಸ್ತಿಲ ಹೊರಗೇ ನಿಲ್ಲುತ್ತಾನೆ, ನೀರು ಕೊಟ್ಟರೆ ಬೇಡವೆನ್ನುತ್ತಾನೆ, ಕರೆದಾರೆ ಎಂದಷ್ಟೇ ಹೇಳಿ ಮುಂದಿನ ಮನೆಗೆ ಓಡುತ್ತಾನೆ. ಇದು ನನಗೆ ತಿಳಿಯದ ಪದ್ಧತಿಯಲ್ಲ. ನನ್ನ ಅಪ್ಪನ ಸುದ್ದಿಯನ್ನು ಹೀಗೇ ಹೇಳಿ ಕಳಿಸಿದವನು ನಾನು. ಆದರೆ ಆ ದಿನ ನನ್ನ ತಲೆಯಲ್ಲಿ ಸೇವೆ ತುಂಬಿತ್ತು, ಬೇರೇನಕ್ಕೂ ಜಾಗವಿರಲಿಲ್ಲ.

ಮನೆಗೆ ಬಂದು ಸ್ನಾನ, ಪೂಜೆ ಮುಗಿಸಿ ಚುರುಮುರಿ ಸುಸಲಾ ತಿನ್ನುತ್ತಿದ್ದಾಗ ಮಂಡಳದ ಗ್ರೂಪಿನಲ್ಲಿ ಫೋಟೊ ಬಂತು. ಸುತ್ತಲೂ ಚೆಂಡುಹೂವು, ನಡುವೆ ರಾಚಪ್ಪ ಕಾಕಾ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಆಯಿಯ ಓಣಿಯಿಂದ ಹೊರಟ ಸುದ್ದಿ ಊರು ಸುತ್ತಿ ನನ್ನ ತಾಟಿನ ಮುಂದೆ ಬಂದಿತ್ತು. ಅದು ನಾನೇ ಬಿಟ್ಟ ಸುದ್ದಿ ಎಂದು ನನಗೆ ಹೊಳೆಯಲಿಲ್ಲ. ನಾನೂ ನಂಬಿದೆ.

“ನಿನ್ನಿ ಸಂಜಿಗಿ ಮಾತಾಡಿದ್ರಲ್ಲರೀ?” ಎಂದಳು ಮಹಾದೇವಿ.

“ಅದೇ ಮತ್ತ. ಅವರಿಗಿ ಮೊದ್ಲೇ ಗೊತ್ತಾಗ್ಯದ. ಅದಕ್ಕೇ ಅಕ್ಕಗ ಕರಸ್ಯಾರ.”

“ಉದಗೀರಕ್ಕ ಒಂದ್ ಫೋನರೆ ಮಾಡ್ರಿ.”

“ಸತ್ತವರ ಮನಿಗಿ ಫೋನ್ ಮಾಡಿ, ಸತ್ತದ್ದು ಖರೇನ್ರಿ ಅಂತ ಕೇಳ್ಲೇನು?”

ಇಷ್ಟು ಸೂಕ್ಷ್ಮ ಮನಸ್ಸಿನವನಾದ ನಾನು ಅಂಗಡಿ ಮುಚ್ಚಿದೆ. ಮುಚ್ಚುವ ಮುನ್ನ ಬಂದ ಗಿರಾಕಿಗಳಿಗೆಲ್ಲ ಕಾಕಾರ ಕೊನೆಯ ಮಾತುಗಳನ್ನು ಹೇಳಿದೆ. ಪ್ರತಿ ಸಲ ಹೇಳುವಾಗಲೂ ಆ ಮಾತುಗಳು ಸ್ವಲ್ಪ ಉದ್ದವಾದವು. ಸೊಂಟದ ತನಕ ಬರುವ ಒಂದು ಹೂವಿನ ಹಾರ ಕೊಂಡು ಬಸ್ಸು ಹತ್ತಿದೆ.

ನಿಲಂಗಾದಲ್ಲಿ ರಸ್ತೆಯ ಬದಿಗೆ ಒಂದು ಜೀಪು ಪಂಕ್ಚರಾಗಿ ನಿಂತಿತ್ತು. ಒಳಗೆ ಗುರಬಾಯಿ ಆಯಿ, ಓಣಿಯ ಹೆಂಗಸರು, ತಾಳ ಹಿಡಿದ ಭಜನೆಯವರು. ಬಸ್ಸಿನಿಂದಿಳಿದು, ಗಾಲಿ ಬದಲಿಸಿದ ಮೇಲೆ ಅವರ ಜೊತೆ ಹತ್ತಿದೆ. ಆಯಿ ಸೆರಗು ಮುಖಕ್ಕೆ ಹಿಡಿದಿದ್ದಳು. ತೊಡೆಯ ಮೇಲೊಂದು ಗಂಟಿತ್ತು.

“ನೀ ಓಡಿ ಬಂದಿ ಅಂತ ಹೊತ್ತಿಗಿ ಗೊತ್ತಾಯ್ತು ವೈಜನಾಥಾ,” ಎಂದಳು. “ನಿನ್ನ ಉಪಕಾರ ಮರಿಯಂಗಿಲ್ಲ.”

ಪಂಚಮಿಯ ಕರೆಯನ್ನು ನೆನೆಸಿಕೊಂಡು ನಾನು ವಿನಯದಿಂದ ಹೇಳಿದೆ, “ಅದೇನ್ ದೊಡ್ಡ ಮಾತಲ್ಲ ಬಿಡ್ರಿ ಆಯಿ. ನಮ್ಮ ಮಂಡಳದ ಕೆಲಸಾನೇ ಅದು.”

ಭಜನೆಯವರು ನನ್ನನ್ನು ಒಂದು ಥರ ನೋಡಿದರು.

ಉದಗೀರದಲ್ಲಿ ಕಾಕಾರ ಓಣಿ ತಿರುಗುತ್ತಲೇ ಆಯಿ ಜೀಪಿನಿಂದಿಳಿದು ಎದೆ ಬಡಿದುಕೊಂಡು ಅಳತೊಡಗಿದಳು. “ನನ್ನ ತಮ್ಮಾ, ನನಗ ಒಂದ್ ಮಾತೂ ಹೇಳ್ದಂಗ ಹ್ಯಾಂಗ ಹೋದ್ಯೋ?” ಹೆಂಗಸರು ದನಿಗೂಡಿಸಿದರು. ತಾಳ ಶುರುವಾಯಿತು. ಎಲ್ಲರ ಮುಂದೆ ಹಾರ ಹಿಡಿದು ನಾನು.

ಕಾಕಾ ಮನೆಯ ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರು. ಅಳು ಕೇಳಿ ಬಸಿ ಕೆಳಗಿಟ್ಟು, ಟೊಪ್ಪಿಗೆ ಹಾಕಿಕೊಂಡು, ಇಂಥ ಹೊತ್ತಿಗೆ ತಕ್ಕ ಮುಖ ಮಾಡಿಕೊಂಡು ಕೆಳಗಿಳಿದು ಬಂದು ನನ್ನನ್ನೇ ಕೇಳಿದರು.

“ಯಾರ್ ಹೋದರೋ?”

ತಾಳ ನಿಂತಿತು. ಹಾರವನ್ನು ಎಲ್ಲಿ ಅಡಗಿಸಬೇಕೆಂದು ತಿಳಿಯಲಿಲ್ಲ. ಏನು ಮಾಡುತ್ತಿದ್ದೇನೆಂದು ಗೊತ್ತಾಗುವ ಮೊದಲೇ ಅದನ್ನು ಅವರ ಕೊರಳಿಗೇ ಹಾಕಿಬಿಟ್ಟೆ.

ಆಯಿ ನನ್ನನ್ನು ಬದಿಗೆ ತಳ್ಳಿ ಮುಂದೆ ಬಂದಳು. ತಮ್ಮನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದಳು. ಕೆನ್ನೆ, ಹಣೆ, ಕಿವಿ ಎಲ್ಲ ಮುಟ್ಟಿ ನೋಡಿದಳು. “ಅದೀ ಏನೋ? ಅದೀ ಏನೋ ತಮ್ಮಾ?” ಎಂದು ಅದೊಂದನ್ನೇ ಕೇಳುತ್ತಿದ್ದಳು. ಕಾಕಾರ ಬಾಯಿ ಸೊಟ್ಟಗಾಗಿ ಅಳು ಬಂತು. ಎಷ್ಟೋ ವರ್ಷಗಳ ಮುನಿಸು ಮುರಿಯಿತು, ನನ್ನ ತಪ್ಪಿನಿಂದಲೇ ಮುರಿಯಿತು ಎಂದು ನನಗೆ ಎದೆ ತುಂಬಿತು. ಆ ಕ್ಷಣಕ್ಕೆ ಎಲ್ಲರೂ ಸುಮ್ಮನೆ ಮನೆಯೊಳಗೆ ಹೋಗಿದ್ದರೆ ಸಾಕಿತ್ತು.

ಆಯಿಯ ಕಂಕುಳಿನ ಗಂಟು ಜಾರಿ ಕೆಳಗೆ ಬಿತ್ತು. ಮಡಿಚಿದ ಬಿಳಿ ಬಟ್ಟೆ, ವಿಭೂತಿ ಗಟ್ಟಿ ಹೊರಗೆ ಬಂದವು. ಕಾಕಾ ಅದನ್ನು ನೋಡಿದರು. ಕೊರಳಿನ ಹಾರ ನೋಡಿಕೊಂಡರು.

“ನಾ ಪಂಚಮಿಗಿ ಕರದಿದ್ನೆವ್ವಾ. ನೀ ಮಣ್ಣಿಗಿ ಬಂದಿ.”

“ಪಂಚಮಿಗಿ ಅಂತ ನನಗ್ಯಾರ್ ಹೇಳ್ಯಾರ?”

ಎಲ್ಲರೂ ನನ್ನನ್ನು ನೋಡಿದರು. ನನಗೆ ಆಗಲೂ ಉಸಿರು ಬರಲಿಲ್ಲ.

ಕಾಕಾ ನಗಲು ನೋಡಿದರು. ಬಹುಶಃ ಚೇಷ್ಟೆಗೇ ಅಂದರು. ಆದರೆ ಒಳಗೆ ಹುಣ್ಣಿದ್ದವರ ಚೇಷ್ಟೆ ಅದು. “ಸತ್ತೀನಿ ಅಂದ ಕೂಡ್ಲೇ ಜೀಪ್ ಮಾಡ್ಕೊಂಡು ಬಂದಿ. ಇದ್ದಾಗ ಒಂದ್ ಸಲಾನೂ ಬರ್ಲಿಕ್ಕಿ ಆಗ್ಲಿಲ್ಲೇನು?”

ಆಯಿಯ ಕೈ ಅವರ ಮುಖದಿಂದ ಕೆಳಗಿಳಿಯಿತು.

“ಅವ್ವನ ಮಣ್ಣಿಗಿ ನೀ ನನಗ ಹೊತ್ತಿಗಿ ಮುಟ್ಟಗೊಡ್ಲಿಲ್ಲ. ನಿನ್ನ ಮಣ್ಣರೆ ತಪ್ಪಬಾರ್ದು ಅಂತ ಬಂದೀನಿ.”

ಸೊಸೆ ನೀರಿನ ತಂಬಿಗೆ ತಂದಳು. ಮಣ್ಣಿಗೆ ಬಂದ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಆಯಿ ಕುಡಿಯಲಿಲ್ಲ. ಬಿಳಿ ಬಟ್ಟೆಯನ್ನು ಮತ್ತೆ ಮಡಿಚಿ ಗಂಟು ಕಟ್ಟಿ ಜೀಪಿನಲ್ಲಿ ಹೋಗಿ ಕೂತಳು. ಕಾಕಾ ಹಾರದ ಸಮೇತ ಕಟ್ಟೆಯ ಮೇಲೆ ಕೂತರು. ಕರೆಯಲಿಲ್ಲ.

ವಾಪಸು ಬರುವಾಗ ಬೇರೆ ಗಾಡಿ ಸಿಗದೆ ಅದೇ ಜೀಪಿನಲ್ಲಿ ಬಂದೆ. ಆಯಿ ಮನೆಗೆ ಹೋಗಿ ಅಂಗಳದಲ್ಲೇ ತಲೆಯ ಮೇಲೆ ನೀರು ಹಾಕಿಕೊಂಡಳಂತೆ, ಮಣ್ಣಿನಿಂದ ಬಂದವರು ಹಾಕಿಕೊಳ್ಳುವ ಹಾಗೆ. ಮಂಡಳದ ಗ್ರೂಪಿನಲ್ಲಿ ಸಂಜೆ ಅದೇ ಫೋಟೊ, ಅದೇ ಚೆಂಡುಹೂವು, ಕೆಳಗೆ ಮಾತ್ರ ‘ಹಾರ್ದಿಕ ಅಭಿನಂದನ’ ಎಂದು ಬದಲಾಗಿತ್ತು. ಜಾಧವ ಸರ್ ನನಗೆ ಫೋನ್ ಮಾಡಿ, ಕಸ ಎತ್ತುವ ಕೆಲಸದಲ್ಲಿ ನನ್ನ ಕೊರತೆ ಬಹಳ ಕಾಣುತ್ತಿದೆ ಎಂದರು.

ಮರುದಿನ ಕಾಕಾರ ಫೋನ್ ಬಂತು. ದನಿ ಸೋತಿತ್ತು. “ನಾ ಹಂಗ ಅನಬಾರ್ದಿತ್ತು. ಹಬ್ಬಕ್ಕ ಇನ್ನಾ ದಿನ ಅದ. ಆಕಿಗಿ ಬಾ ಅನ್ನು. ಸಮಾಧಾನದಿಂದ ಹೇಳು.”

ಈ ಸಲ ಸಂಜೆ ಹೋದೆ. ಧೋತರ ಉಟ್ಟೆ. ನಡೆದೇ ಹೋದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಕೂತು, ಕೊಟ್ಟ ನೀರು ಕುಡಿದು, ಚಹಾನೂ ಕುಡಿದು, ತುಂಬಿದ ಉಸಿರಿನಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳಿದೆ. “ರಾಚಪ್ಪ ಕಾಕಾ ಆರಾಮ ಅದಾರ. ಪಂಚಮಿಗಿ ನಿಮಗ ಕರದಾರ.”

ಆಯಿ ಹಪ್ಪಳ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ.

“ಮಣ್ಣಿಗಿ ಹೋಗಿ ಬಂದ ಮನಿಗಿ ಆ ವರ್ಷ ಹಬ್ಬಕ್ಕ ಹೋಗಂಗಿಲ್ಲ. ಗೊತ್ತಿಲ್ಲೇನು ನಿನಗ?”

“ಆಯಿ, ಅವರು ಸತ್ತಿಲ್ಲ.”

“ನಾ ಅತ್ತೀನಲ್ಲ. ನಂದು ಮುಗದದ.”

ನಾನು ಎದ್ದು ಚಪ್ಪಲಿ ಮೆಟ್ಟುವಾಗ ಆಕೆ ಒಳಗಿನಿಂದಲೇ ಅಂದಳು, “ಮುಂದಿನ ವರ್ಷ ನೋಡೂಣು ಅನ್ನು.”

ಇದನ್ನು ಉದಗೀರಕ್ಕೆ ಫೋನ್ ಮಾಡಿ ಕಾಕಾರಿಗೆ ಹೇಳಿದೆ. “ಮುಂದಿನ ವರ್ಷ,” ಎಂದರು. “ಅಲ್ಲಿತನಕ ನಾ ಇರ್ಬೇಕಲ್ಲಪ್ಪಾ.” ಫೋನ್ ಇಟ್ಟರು.

ಪಂಚಮಿ ಆಯಿತು. ಆಯಿ ಓಣಿಯ ಬೀಗ ಕಾದಳು. ನನ್ನ ಓಟ ನಿಂತಿತು, ಇಳಿದಿದ್ದ ಅಷ್ಟಿಷ್ಟು ತೂಕ ಮನೆಯ ದಾರಿ ಹುಡುಕಿಕೊಂಡು ವಾಪಸು ಬಂತು. ಮಂಡಳದ ಆ ಅಂಗಿಯಿಂದ ಮಹಾದೇವಿ ಮಿಕ್ಸಿ ಒರೆಸುತ್ತಾಳೆ. ನನ್ನ ಸಮಾಜಸೇವೆ ಈಗ ಒಂದೇ ಉಳಿದಿದೆ. ದಿನಾ ಬೆಳಿಗ್ಗೆ ಗಾದಿಯ ಮೇಲೆ ಕೂತು ಉದಗೀರಕ್ಕೆ ಫೋನ್ ಮಾಡುತ್ತೇನೆ. ಇವತ್ತಿನ ತೊಗರಿಯ ದರ ಏನು ಕಾಕಾ ಎಂದು ಕೇಳುತ್ತೇನೆ. ಮೊದಲ ಕೆಲವು ದಿನ ಅವರು ದರ ಹೇಳಿದರು. ಈಗ ಹೇಳುವುದಿಲ್ಲ.

“ಇನ್ನಾ ಇದ್ದೀನಿ,” ಎನ್ನುತ್ತಾರೆ. “ನೀ ಓಡಬ್ಯಾಡ.”