ಮಾವನವರ ಕಾಲಿನ ಆಣಿ

ಆಣೆ ಎಂದರೆ ಶಪಥ. ಆಣಿ ಎಂದರೆ ಅಂಗಾಲಿನಲ್ಲಿ ಕಲ್ಲಿನಂತೆ ಬೆಳೆಯುವ ಚರ್ಮದ ಗಂಟು. ಎರಡಕ್ಕೂ ನಡುವೆ ಇರುವುದು ಒಂದು ಗುಡಿಸು. ಆ ಗುಡಿಸು ತಪ್ಪಿ ನಾನು ಮಾವನವರ ಕಾಲಿಗೆ ಬಿದ್ದೆ. ಅದೂ ಸರಿಯಾಗಿ ಆಣಿಯ ಮೇಲೆಯೇ.

ಆಗ ನಾನು ಚನ್ನಗಿರಿಯಲ್ಲಿ ಒಬ್ಬ ಡಾಕ್ಟರ ಕೈಕೆಳಗೆ ಕಾಂಪೌಂಡರ್. ಯುದ್ಧದ ಕಾಲ, ಬಸ್ಸುಗಳು ಇದ್ದಿಲು ಉರಿಸಿ ಓಡುತ್ತಿದ್ದವು. ಮದುವೆಯಾಗಿ ನಾಲ್ಕು ತಿಂಗಳಾದರೂ ಹೆಂಡತಿ ರುದ್ರಾಣಿ ಜಗಳೂರಿನ ತವರಿನಲ್ಲೇ ಇದ್ದಳು. ಮೊದಲ ಸಲ ಮಗಳನ್ನು ತಂದೆಯೇ ಕರೆತಂದು ಬಿಡುವುದು ಅವರ ಮನೆಯ ಪದ್ಧತಿ. ಗೊತ್ತುಪಡಿಸಿದ ದಿನ ಬಂದದ್ದು ಮಾವನಲ್ಲ, ಅವರೂರಿನ ಚಿಕ್ಕಹನುಮಂತಪ್ಪ.

"ನಿಮ್ಮ ಮಾವಾರು ಬರಾಕೆ ಆಗಲ್ಲಂತ್ರೀ. ಕಾಲಿಗೆ ಆಣಿ ಐತೆ."

ಆ ಕಡೆಯವರ ಬಾಯಲ್ಲಿ ಆಣೆಯೂ ಆಣಿಯೇ. ದಿನವೂ ಮುಲಾಮು ಕಲಸುವ ನನಗೆ ಕಾಲಿನ ಆಣಿಯೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಕಾರಣ, ಮದುವೆ ಮನೆಯಲ್ಲಿ ಮಾವನವರ ನಡಿಗೆ ನೋಡಿ, "ಬಾತುಕೋಳಿ ಬಂತು" ಎಂದು ಗೆಳೆಯರೊಡನೆ ನಕ್ಕಿದ್ದೆ. ರುದ್ರಾಣಿ ನನ್ನ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದಳು. ನನ್ನ ಕಳ್ಳ ಮನಸ್ಸಿಗೆ ಕೇಳಿಸಿದ್ದು ಒಂದೇ: ನನ್ನ ಹೊಸ್ತಿಲಿಗೆ ಕಾಲಿಡುವುದಿಲ್ಲವೆಂದು ಅವರು ಆಣೆ ಮಾಡಿದ್ದಾರೆ!

ಹದಿನೈದು ದಿನ ರಜೆ ಬೇಡಿ ಜಗಳೂರಿಗೆ ಓಡಿದೆ. ಜಗುಲಿಯಲ್ಲಿ ಕುಳಿತಿದ್ದ ಮಾವ ಪಂಚಾಕ್ಷರಪ್ಪನವರ ಬಲಗಾಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, "ಆಣೆ ವಾಪಸ್ ತಗೊಳ್ಳಿ ಮಾವ!" ಎಂದೆ.

"ಅಯ್ಯಯ್ಯಪ್ಪಾ! ಬಿಡ್ರೀ, ಜೀವ ಹೋತು!"

ಅತ್ತೆ ಕಸ್ತೂರಮ್ಮ ಓಡಿಬಂದರು. "ಅಳಿಯಂದ್ರೇ, ಆಣಿ ಕೀಳೋದು ಹಿಂಗೇನ್ರೀ? ಮೊದ್ಲು ಕೈಕಾಲಾದ್ರೂ ತೊಳಕೊಳ್ರಿ!"

ಬಾಗಿಲ ಸಂದಿಯಿಂದ ರುದ್ರಾಣಿ ನೋಡಿದಳು. ನಗಲಿಲ್ಲ.

ಕಿರುಬೆರಳ ಬುಡದಲ್ಲಿ ಹುಣಿಸೆಬೀಜದಂಥ ಆಣಿ. ಎಕ್ಕದ ಹಾಲು ಹಚ್ಚಿ ಹಚ್ಚಿ ಸುತ್ತಲಿನ ಚರ್ಮ ಸುಟ್ಟಿತ್ತು. ಆಣಿ ಮಾತ್ರ ಸಿಂಹಾಸನಾರೂಢ. ರಜೆ ಮುಗಿಯುವುದರೊಳಗೆ ಅದನ್ನು ಪದಚ್ಯುತಗೊಳಿಸಬೇಕು (ಪದ ಎಂದರೆ ಪಾದವೂ ಹೌದು), ಇಲ್ಲದಿದ್ದರೆ ನಾನೊಬ್ಬನೇ ಹಿಂದಿರುಗಬೇಕು.

ದಿನವೂ ಬಿಸಿನೀರಿನಲ್ಲಿ ಅವರ ಕಾಲು ನೆನೆಸಿ, ಮೆತ್ತಗಾದ ಪದರ ಉಜ್ಜಿ ತೆಗೆದು, ಆಣಿಯ ಮೇಲಷ್ಟೇ ಮುಲಾಮು ಹಚ್ಚುತ್ತಿದ್ದೆ. ಭಾರ ಬೀಳದಿರಲೆಂದು ಹಳೆಯ ಕಂಬಳಿಯ ತುಂಡಿಗೆ ನಡುವೆ ತೂತು ಮಾಡಿ ಸುತ್ತ ಕಟ್ಟಿದೆ. (ಮಾವ ಅಳಿಯನಿಗೆ ಉಂಗುರ ಹಾಕುವುದು ಲೋಕರೂಢಿ, ಇಲ್ಲಿ ಅಳಿಯನೇ ಮಾವನ ಆಣಿಗೆ ಹಾಕಿದ.)

"ಎಕ್ಕದ ಹಾಲಿಗೇ ಹೋಗದ್ದು ನಿಮ್ಮ ಈ ಬೆಣ್ಣಿಗೆ ಹೋಗ್ತೈತೇನ್ರೀ?" ಎಂದು ಮಾವ ಗೊಣಗುವರು. ರುದ್ರಾಣಿ ಬಿಸಿನೀರು ತಂದಿಟ್ಟು, ಸ್ವಲ್ಪ ಹೊತ್ತು ನೋಡಿ ಒಳಗೆ ಹೋಗುವಳು. ಮಾವನವರ ಹಿಮ್ಮಡಿಯ ಬಿರುಕು, ಉಗುರಿನೊಳಗೆ ಕೂತ ಮಣ್ಣು. ಅಷ್ಟು ಹೊತ್ತು ನಾನು ಯಾರ ಕಾಲನ್ನೂ ಎಂದೂ ನೋಡಿರಲಿಲ್ಲ. ಕುಂಟುವವನ ನೋವು, ದೂರ ನಿಂತು ನೋಡುವವನಿಗೆ ಬರೀ ನಡಿಗೆ.

ಏಳನೆಯ ದಿನ ಆಣಿಯ ಬೇರು ಸವೆದ ಮೊಳೆಯಂತೆ ಎದ್ದು ಬಂತು. ನಾನು ಬೀಗಿದೆ. ಮಾವ ಎರಡು ಹೆಜ್ಜೆ ಹಾಕಿ, "ಒಳಗಿನ್ನೂ ನೋಯ್ತೈತ್ರೀ" ಎಂದು ಕುಳಿತರು. ಕಣ್ಣಿಗೆ ಕಾಣದ ಆಣಿಗೆ ಇನ್ನೊಂದು ವಾರ ಪಾದಪೂಜೆ ನಡೆಯಿತು.

ಹದಿನಾಲ್ಕನೆಯ ದಿನ ಬೆಳಿಗ್ಗೆ ರುದ್ರಾಣಿ ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಮಾವ ಚಟ್ಟನೆ ಎದ್ದು, ಅವಳ ಟ್ರಂಕನ್ನು ಹೆಗಲಿಗೇರಿಸಿ, ಬಸ್ಸಿನತ್ತ ದಾಪುಗಾಲು ಹಾಕಿದರು. ನಾನೇ ಹಿಂದೆ ಬಿದ್ದೆ.

"ಮಾವ, ನಿಜ ಹೇಳಿ. ನೋವು ಹೋಗಿದ್ದು ಯಾವತ್ತು?"

"ಬೇರು ಕಿತ್ತ ದಿನಾನೇ," ಎಂದರು ಅವರು, ನಿಲ್ಲದೆ. "ಹುಡುಗಿ ಒಪ್ಪಾಕೆ ಇನ್ನೊಂದು ವಾರ ಬೇಕಾತು."